ಮನೆಯ ಕಂಪ್ಯೂಟರಿಗೆ ಕೆಲವು ರೂಢಿಗಳು

ಉಪ್ಪಿನಕಾಯಿಯ ಭರಣಿಗೆ ಒದ್ದೆ ಕೈ ಹಾಕಬಾರದು. ಮಳೆಗಾಲ ಕಾಲಿಡುವ ಮೊದಲೇ ಹಪ್ಪಳ ಸಂಡಿಗೆಗಳಿಗೆ ಬಿಸಿಲು ತೋರಿಸಿ ಡಬ್ಬಿಗೆ ತುಂಬಬೇಕು. ಅಕ್ಕಿಗೆ ಹುಳು ಬೀಳದಂತೆ ಬೇವಿನೆಲೆ ಹಾಕಿಡಬೇಕು. ಮಲಗುವ ಮುನ್ನ ಗ್ಯಾಸಿನ ರೆಗ್ಯುಲೇಟರ್ ಮುಚ್ಚಿದೆಯೇ ಎಂದು ನೋಡಬೇಕು. ಇವುಗಳನ್ನು ನಮಗೆ ಯಾರೂ ಪಾಠವಾಗಿ ಹೇಳಿಕೊಡಲಿಲ್ಲ. ಅಜ್ಜಿಯೋ ಅತ್ತೆಯೋ ಮಾಡುತ್ತಿದ್ದುದನ್ನು ನೋಡುತ್ತ ನೋಡುತ್ತ ನಮ್ಮ ಕೈಗೆ ಬಂದವು. ಬೂಷ್ಟು ಹೇಗೆ ಹುಟ್ಟುತ್ತದೆ, ಒದ್ದೆ ಕೈಗೂ ಅದಕ್ಕೂ ಏನು ಸಂಬಂಧ ಎಂಬ ವಿಜ್ಞಾನ ತಿಳಿಯದವರ ಮನೆಯಲ್ಲೂ ಮಾವಿನಮಿಡಿ ಎರಡು ವರ್ಷ ಕೆಡದೆ ಉಳಿಯುತ್ತದೆ. ರೂಢಿಯ ಬಲ ಅದು.

ಕಂಪ್ಯೂಟರಿಗೆ ಅಂಥ ಅಜ್ಜಿಯರಿಲ್ಲ. ಅದು ನಮ್ಮ ಮನೆಗಳಿಗೆ ಬಂದದ್ದು ಮಕ್ಕಳ ಓದಿನ ನೆಪದಲ್ಲಿ. ಮುಂಬಯಿಯ ಎರಡು ಕೋಣೆಯ ಮನೆಗಳಲ್ಲಿ ಹೊಲಿಗೆ ಯಂತ್ರವನ್ನು ಬದಿಗೆ ಸರಿಸಿ, ಕಿಟಕಿಯ ಪಕ್ಕ ಅದಕ್ಕೊಂದು ಮೇಜು ಹಾಕಿದೆವು. ಮೇಲೊಂದು ಕಸೂತಿಯ ಹೊದಿಕೆಯನ್ನೂ ಹೊದಿಸಿದೆವು. ಮಕ್ಕಳು ಕಲಿತು ಪುಣೆಗೋ ಬೆಂಗಳೂರಿಗೋ ಸಮುದ್ರದಾಚೆಗೋ ಹೋದರು. ಯಂತ್ರ ನಮ್ಮಲ್ಲೇ ಉಳಿಯಿತು. ಮನೆಯ ಹಿರಿಯರಿಗೆ ಅದನ್ನು ಆಳುವ ಬಗೆಯನ್ನು ಕಿರಿಯರು ಹೇಳಿಕೊಡಬೇಕಾದ, ಅದೂ ದೂರವಾಣಿಯಲ್ಲಿ ಅವಸರವಸರವಾಗಿ ಹೇಳಿಕೊಡಬೇಕಾದ ತಲೆಕೆಳಗಾದ ಕಾಲವೊಂದು ಬಂತು.

ನಮ್ಮ ಬಳಗದವರು ಬಹುಪಾಲು ಅರವತ್ತು ದಾಟಿದವರು. ಮಾಟುಂಗದಿಂದ ಡೊಂಬಿವಲಿಯವರೆಗೆ, ಆಚೆ ವಾಶಿಯವರೆಗೆ ಹರಡಿಕೊಂಡವರು. ಬ್ಯಾಂಕು, ಶಾಲೆ, ಹೋಟೆಲು, ಗಿರಣಿಯ ಕಚೇರಿಗಳಲ್ಲಿ ದುಡಿದು ನಿವೃತ್ತರಾಗಿ ಬರೆಯತೊಡಗಿದವರು. ನಮ್ಮ ಬರಹವೆಲ್ಲ ಈಗ ಈ ಯಂತ್ರದೊಳಗಿದೆ. ಹಾಗಿರುವಾಗ ಅದರ ಯೋಗಕ್ಷೇಮ ಕೇವಲ ತಾಂತ್ರಿಕ ವಿಷಯವಾಗಿ ಉಳಿಯುವುದಿಲ್ಲ, ಸಾಹಿತ್ಯದ ವಿಷಯವೂ ಆಗುತ್ತದೆ. ಹತ್ತು ಹನ್ನೆರಡು ವರ್ಷಗಳಿಂದ ಒಬ್ಬರಿಂದೊಬ್ಬರು ಕೇಳಿ, ಮಾಡಿ ನೋಡಿ, ಉಪಯುಕ್ತವೆಂದು ಕಂಡ ಕೆಲವು ರೂಢಿಗಳನ್ನು ಇಲ್ಲಿ ಬರೆದಿಡುತ್ತಿದ್ದೇವೆ. ಬಲ್ಲವರಿಗೆ ಇದರಲ್ಲಿ ಹೊಸದೇನೂ ಇರಲಾರದು. ಕಂಪ್ಯೂಟರಿನ ಮುಂದೆ ಕೂತು ಕೈ ನಡುಗುವವರಿಗಾಗಿ ಈ ಮಾತುಗಳು.

ಮೊದಲನೆಯದು ಉಳಿಸುವ ರೂಢಿ. ಕಂಪ್ಯೂಟರಿನೊಳಗೆ ಎರಡು ಬಗೆಯ ನೆನಪುಗಳಿವೆ. ಒಂದು ಸ್ಲೇಟಿನಂತೆ, ಇನ್ನೊಂದು ಕಪಾಟಿನಂತೆ. ನಾವು ಬರೆಯುತ್ತಿರುವಾಗ ಅಕ್ಷರಗಳು ಮೊದಲು ಸ್ಲೇಟಿನ ಮೇಲೆ ಮೂಡುತ್ತವೆ. ವಿದ್ಯುತ್ತು ಹೋದೊಡನೆ ಸ್ಲೇಟು ತಾನಾಗಿ ಅಳಿಸಿಹೋಗುತ್ತದೆ. ಕಪಾಟಿಗೆ ಸೇರಿಸಿದ್ದು ಮಾತ್ರ ಉಳಿಯುತ್ತದೆ. ಈಗಿನ ಕೆಲವು ತಂತ್ರಾಂಶಗಳು ಆಗಾಗ ತಾವಾಗಿ ಉಳಿಸುತ್ತವೆಯಾದರೂ, ಎಲ್ಲವೂ ಹಾಗಲ್ಲ. ಒಂದು ಪರಿಚ್ಛೇದ ಮುಗಿದೊಡನೆ ಎಡಗೈಯ ಎರಡು ಬೆರಳು ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತುವುದು ಪೂರ್ಣವಿರಾಮ ಹಾಕಿದಷ್ಟೇ ಸಹಜವಾಗಬೇಕು. ವಾರಕ್ಕೊಮ್ಮೆ ದುರಸ್ತಿಯ ಹೆಸರಿನಲ್ಲಿ ವಿದ್ಯುತ್ತು ಹೋಗುವ ಉಪನಗರಗಳಲ್ಲಿ ವಾಸಿಸುವವರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿಲ್ಲ. ಮೇಜಿನ ಮೇಲಿಡುವ ಕಂಪ್ಯೂಟರ್ ಉಳ್ಳವರು ಯುಪಿಎಸ್ ಇಟ್ಟುಕೊಂಡರೆ ಬರೆದುದನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ಮುಚ್ಚುವಷ್ಟು ಹೊತ್ತು ಸಿಗುತ್ತದೆ. ಅದರ ಕೆಲಸ ಅಷ್ಟೇ. ಅದನ್ನು ನಂಬಿ ಬರೆಯುತ್ತಾ ಕೂರಬಾರದು.

ಎರಡನೆಯದು ಹೆದರಿಕೆಗೆ ಮದ್ದು. ನಮ್ಮ ವಯಸ್ಸಿನವರನ್ನು ಕಾಡುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಭಯ. ಏನನ್ನೋ ಒತ್ತಿಬಿಟ್ಟರೆ ಎಲ್ಲ ಹೋದೀತು ಎಂಬ ಭಯ. ಅಂಥವರಿಗೆ ಕಂಟ್ರೋಲ್ ಮತ್ತು ಝಡ್ ಎಂಬ ಜೋಡಿಕೀಲಿಯನ್ನು ಮೊದಲು ಹೇಳಿಕೊಡಬೇಕು. ಅದು ಈಗ ಮಾಡಿದ್ದನ್ನು ಮಾಡದಂತಾಗಿಸುತ್ತದೆ. ಇಡೀ ಪುಟ ಅಳಿಸಿಹೋದರೂ ಕಾಗದದ ಮೇಲಾದರೆ ಇಲ್ಲದ ಭಾಗ್ಯ ಇಲ್ಲಿದೆ. ಕಡತವನ್ನು ಅಳಿಸಿದರೆ ಅದು ಮೊದಲು ಕಸದಬುಟ್ಟಿಗೆ ಹೋಗಿ ಕೂರುತ್ತದೆ. ಅಲ್ಲಿಂದ ಹೆಕ್ಕಿ ತರಬಹುದು. ಆದರೆ ಪೆನ್‌ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ಆ ಬುಟ್ಟಿಗೆ ಬೀಳುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಈ ಒಂದು ಭೇದ ನೆನಪಿರಲಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕಾದಿರುವವರಿಗೆ ಇನ್ನೊಂದು ಮಾತು. ಅಂತರ್ಜಾಲದ ಪುಟ ಓದುವಾಗ ಕಂಟ್ರೋಲ್ ಒತ್ತಿ ಹಿಡಿದು ಮೌಸಿನ ಗಾಲಿಯನ್ನು ಮುಂದಕ್ಕೆ ತಿರುಗಿಸಿದರೆ ಅಕ್ಷರಗಳು ದಪ್ಪವಾಗುತ್ತವೆ, ಹಿಂದಕ್ಕೆ ತಿರುಗಿಸಿದರೆ ಸಣ್ಣದಾಗುತ್ತವೆ. ಇದನ್ನು ತಿಳಿದ ದಿನ ನಮ್ಮ ಬಳಗದ ಎಪ್ಪತ್ತೆಂಟರ ಹಿರಿಯಕ್ಕ, "ಇಷ್ಟು ದಿನ ನಾನು ತೆರೆಗೆ ಮೂಗು ತಾಗಿಸಿ ಓದುತ್ತಿದ್ದೆನಲ್ಲ!" ಎಂದು ನಕ್ಕುಬಿಟ್ಟರು.

ಮೂರನೆಯದು ಹೆಸರಿಡುವ ರೂಢಿ. ಮಗುವಿಗೆ ಹೆಸರಿಡಲು ಹನ್ನೆರಡು ದಿನ ಯೋಚಿಸುವ ನಾವು, ಪ್ರಬಂಧಕ್ಕೆ 'ಹೊಸದು', 'ಹೊಸದು ಎರಡು', 'ಕೊನೆಯದು', 'ನಿಜವಾದ ಕೊನೆಯದು' ಎಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತೇವೆ. ಆರು ತಿಂಗಳ ಬಳಿಕ ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯದು. ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಕೊನೆಗೆ ಶೀರ್ಷಿಕೆ ಎಂಬ ಕ್ರಮದಲ್ಲಿ ಬರೆದರೆ ಕಂಪ್ಯೂಟರ್ ತಾನೇ ಅವುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ತೋರಿಸುತ್ತದೆ. ದಿನವನ್ನು ಮೊದಲು ಬರೆದರೆ ಈ ಅನುಕೂಲ ಸಿಗುವುದಿಲ್ಲ. ಬರಹಗಳೆಲ್ಲಕ್ಕೂ ಒಂದೇ ಫೋಲ್ಡರ್, ಅದರೊಳಗೆ ವರ್ಷಕ್ಕೊಂದು. ಬೇಸಿನ್ನಿನ ಪಕ್ಕದಲ್ಲೂ ಟಿವಿಯ ಮೇಲೂ ಪಾತ್ರೆ ಇಡುವವರುಂಟೇ? ಡೆಸ್ಕ್‌ಟಾಪಿನ ತುಂಬ ಕಡತ ಹರಡುವುದೂ ಅದೇ ಬಗೆ.

ಇವೆಲ್ಲ ಸಣ್ಣ ಮಾತುಗಳಂತೆ ಕಾಣುತ್ತವೆ. ಸಣ್ಣ ಮಾತಿನ ತೂಕ ನಮಗೆ ತಿಳಿದದ್ದು ಬಳಗದ ಹಿರಿಯರೊಬ್ಬರು ತೀರಿಕೊಂಡ ಮೇಲೆ.

ಅವರು ಕರಾವಳಿಯಿಂದ ಹದಿನಾಲ್ಕರ ಪ್ರಾಯದಲ್ಲಿ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ಕೊನೆಗೆ ಬ್ಯಾಂಕಿನ ಅಧಿಕಾರಿಯಾಗಿ ನಿವೃತ್ತರಾದವರು. ತಮ್ಮಂತೆಯೇ ರಾತ್ರಿಶಾಲೆಯ ಬೆಳಕಿನಲ್ಲಿ ಅಕ್ಷರ ಕಂಡ ಹಳಬರನ್ನು ಹುಡುಕಿಕೊಂಡು ಹೋಗಿ, ಅವರ ಮಾತು ಕೇಳಿ ಬರೆದುಕೊಳ್ಳುವ ಕೆಲಸವನ್ನು ಹದಿನೈದು ವರ್ಷ ಮಾಡಿದರು. ಪುಸ್ತಕ ಮಾಡಬೇಕೆಂಬ ಆಸೆಯಿತ್ತು. 2021ರ ಮೇ ತಿಂಗಳಲ್ಲಿ, ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದಿದ್ದ ಆ ದಿನಗಳಲ್ಲಿ, ಅವರು ಹೋದರು. ಎರಡು ವರ್ಷ ಮನೆ ಮುಚ್ಚಿತ್ತು. ಮಾರಾಟದ ಮಾತು ಕುದುರಿದಾಗ ಪುಣೆಯಲ್ಲಿರುವ ಅವರ ಮಗಳು ಕರೆ ಮಾಡಿದಳು. "ಮಾಮ, ಅಪ್ಪನ ಕಂಪ್ಯೂಟರ್ ಹಾಗೇ ಇದೆ. ಗುಜರಿಯವನಿಗೆ ಕೊಡುವ ಮೊದಲು ಒಮ್ಮೆ ನೋಡುತ್ತೀರಾ? ಪಾಸ್‌ವರ್ಡ್ ನನಗೂ ಗೊತ್ತಿಲ್ಲ."

ನಮ್ಮಲ್ಲಿ ಮೂವರು ಹೋದೆವು. ಯಂತ್ರ ಚಾಲೂ ಆಗಲಿಲ್ಲ. ಬೀದಿಯ ಕೊನೆಯಲ್ಲಿದ್ದ ರಿಪೇರಿಯ ಹುಡುಗ ಹಾರ್ಡ್ ಡಿಸ್ಕನ್ನು ಬಿಚ್ಚಿ, ಕೆಲವು ನೂರು ರೂಪಾಯಿಯ ಒಂದು ಪೆಟ್ಟಿಗೆಯೊಳಗೆ ಕೂರಿಸಿ, ನಮ್ಮ ಲ್ಯಾಪ್‌ಟಾಪಿಗೆ ತಂತಿಯಿಂದ ಜೋಡಿಸಿಕೊಟ್ಟ. ಕಂಪ್ಯೂಟರ್ ಸತ್ತರೂ ಡಿಸ್ಕ್ ಬದುಕಿರಬಹುದು ಎಂಬುದು ಆಗ ನಮಗೆ ಕಣ್ಣಾರೆ ಕಂಡ ಪಾಠ. ಗುಜರಿಗೆ ಕೊಡುವ ಮುನ್ನ ಡಿಸ್ಕನ್ನು ಬಿಚ್ಚಿಸಿಟ್ಟುಕೊಳ್ಳಿ. ಉಳಿಸಬೇಕಾದದ್ದು ಇರಲಿ ಇಲ್ಲದಿರಲಿ, ನಿಮ್ಮ ಬ್ಯಾಂಕಿನ ಕಾಗದಪತ್ರಗಳು ಪರರ ಪಾಲಾಗುವುದಾದರೂ ತಪ್ಪುತ್ತದೆ. ಅವರ ಕಡತಗಳು ತೆರೆದವು. ಅರುವತ್ತೊಂದು ಇದ್ದವು. ಆದರೆ ತೆರೆಯ ಮೇಲೆ ಕನ್ನಡವಿರಲಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು, ನಡುನಡುವೆ ಪೌಂಡಿನ ಗುರುತು, ತಲೆಯ ಮೇಲೆ ಓರೆಗೀಟು ಹೊತ್ತ ಎ ಅಕ್ಷರ ಸಾಲುಸಾಲಾಗಿ. ಮಗಳು, "ಎಲ್ಲ ಹಾಳಾಗಿದೆಯೇ?" ಎಂದು ಕೇಳಿದಳು. ಹಾಳಾಗಿರಲಿಲ್ಲ. ಅದು ಹಳೆಯ ನುಡಿಯ ಬರಹ.

ಇದನ್ನು ತುಸು ವಿವರಿಸಬೇಕು, ಏಕೆಂದರೆ ನಮ್ಮಲ್ಲಿ ಬಹಳ ಜನರ ಕಪಾಟಿನಲ್ಲಿ ಇಂಥ ಕಡತಗಳಿವೆ. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ತಂತ್ರಾಂಶ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಎರಡೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ನುಡಿಯಲ್ಲಿ ನಾವು ಬಳಸುವ ಕೀಲಿಮಣೆಯ ಮೂಲವಾದ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾಯರು ನಮ್ಮ ಈ ಮುಂಬಯಿಯಲ್ಲೇ ಬಹುಕಾಲ ದುಡಿದವರು ಎಂಬುದು ನಮಗೆ ಹೆಮ್ಮೆಯ ಸಂಗತಿ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ, ಎಫ್ ಕೀಲಿಯಿಂದ ಒತ್ತಕ್ಷರ ಮೂಡಿಸಿ, ಇಡೀ ಕನ್ನಡವನ್ನು ಬರೆಯುವಂತೆ ಮಾಡಿದ ಜಾಣ್ಮೆ ಅವರದು. ಆದರೆ ಆ ಕಾಲದ ಅಕ್ಷರಶೈಲಿಗಳು, ಎಂದರೆ ಫಾಂಟುಗಳು, ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕೃತಿಗಳನ್ನು ಬಾಡಿಗೆಗೆ ಕೂರಿಸುತ್ತಿದ್ದವು. ಕಂಪ್ಯೂಟರಿನ ಮಟ್ಟಿಗೆ ಅದು ಇಂಗ್ಲಿಷೇ. ಫಾಂಟ್ ಇದ್ದಲ್ಲಿ ಕನ್ನಡ ಕಾಣುತ್ತದೆ, ಇಲ್ಲದಲ್ಲಿ ವೇಷ ಕಳಚುತ್ತದೆ. ಯೂನಿಕೋಡ್ ಹಾಗಲ್ಲ. ಅದು ಜಗತ್ತಿನ ಬಹಳಷ್ಟು ಲಿಪಿಗಳಿಗೆ ಸ್ವಂತ ಮನೆ ಕೊಟ್ಟಿದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿಯನ್ನು ಮೀಸಲಿಡಲಾಗಿದೆ. ಯೂನಿಕೋಡಿನಲ್ಲಿ ಬರೆದದ್ದು ಡೊಂಬಿವಲಿಯಲ್ಲೂ ಡೆಲ್ಲಿಯಲ್ಲೂ ಮೊಮ್ಮಗನ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಅದರೊಳಗೆ ಒಂದು ಪದವನ್ನು ಹುಡುಕಿದರೆ ಸಿಗುತ್ತದೆ.

ಆದ್ದರಿಂದ ರೂಢಿ ಇದು: ಇನ್ನು ಮುಂದೆ ಬರೆಯುವುದೆಲ್ಲ ಯೂನಿಕೋಡಿನಲ್ಲಿರಲಿ. ನುಡಿ, ಬರಹ ಎರಡರಲ್ಲೂ ಆ ಆಯ್ಕೆ ಇದೆ. ವಿಂಡೋಸಿನ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಬೇರೆ ತಂತ್ರಾಂಶವೂ ಬೇಕಾಗದು. ವಿಂಡೋಸ್ ಕೀಲಿಯನ್ನೂ ಸ್ಪೇಸ್‌ಬಾರನ್ನೂ ಒಟ್ಟಿಗೆ ಒತ್ತಿ ಕನ್ನಡ ಇಂಗ್ಲಿಷುಗಳ ನಡುವೆ ಓಡಾಡಬಹುದು. ಬೆರಳು ಸಂಧಿವಾತದಿಂದ ಸೆಟೆದವರು ಮಾತಿನಲ್ಲೇ ಬರೆಸಬಹುದು. 2017ರಿಂದ ಗೂಗಲಿನ ಧ್ವನಿಬರಹಕ್ಕೆ ಕನ್ನಡ ಬರುತ್ತದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಬರಹ, ನುಡಿಗಳ ಜೊತೆಗೇ ಸಿಗುತ್ತವೆ. ಆದರೆ ಪರಿವರ್ತಿಸಿದ್ದನ್ನು ಒಮ್ಮೆ ಓದಲೇಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಆಚೆ ಕೂರುತ್ತಿತ್ತು. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರ ಮುಂದೆ ಬರುತ್ತದೆ. ಈ ಸ್ಥಾನಪಲ್ಲಟದಲ್ಲಿ ಕೆಲವೊಮ್ಮೆ ಅಕ್ಷರ ಎಡವುತ್ತದೆ. ಮೂಲ ಕಡತವನ್ನು ಅಳಿಸದೆ ಪಕ್ಕದಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಹಿರಿಯರ ಅರುವತ್ತೊಂದು ಕಡತಗಳು ಹೀಗೆ ಕನ್ನಡಕ್ಕೆ ಮರಳಿದವು. ಆದರೆ ಸೂಚಿಯಲ್ಲಿ ಅವರು ಬರೆದಿಟ್ಟದ್ದು ಎಪ್ಪತ್ತಮೂರು ಹೆಸರು. ಉಳಿದ ಹನ್ನೆರಡು ಮಂದಿಯ ಮಾತುಗಳು ಒಂದು ಪೆನ್‌ಡ್ರೈವಿನಲ್ಲಿವೆ ಎಂದು ಅವರ ಕೈಬರಹದ ಟಿಪ್ಪಣಿ ಹೇಳುತ್ತಿತ್ತು. ಪೆನ್‌ಡ್ರೈವ್ ಮೇಜಿನ ಖಾನೆಯಲ್ಲಿ ಸಿಕ್ಕಿತು. ಯಾವ ಯಂತ್ರಕ್ಕೆ ಹಾಕಿದರೂ ಅದು ಬಾಯಿಬಿಡಲಿಲ್ಲ. ಆ ಹನ್ನೆರಡು ಮಂದಿಯಲ್ಲಿ ಎಂಟು ಜನ ಈಗಿಲ್ಲ. ಅವರನ್ನು ಮತ್ತೆ ಹೋಗಿ ಕೇಳುವಂತಿಲ್ಲ.

ಆ ಮೇಲೆಯೇ ನಮ್ಮ ಬಳಗ ಮೂರು ಪ್ರತಿಯ ನಿಯಮವನ್ನು ಗಂಭೀರವಾಗಿ ಹಿಡಿದದ್ದು. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಪ್ರಚುರಪಡಿಸಿದ ಸೂತ್ರವದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಾಚೆ. ಕಂಪ್ಯೂಟರಿನಲ್ಲಿರುವುದು ಒಂದು. ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು. ಗೂಗಲ್ ಡ್ರೈವಿನಂಥ ಅಂತರ್ಜಾಲದ ಉಗ್ರಾಣದಲ್ಲೋ ಊರಿನ ತಂಗಿಯ ಮನೆಯಲ್ಲೋ ಮೂರನೆಯದು. ಪೆನ್‌ಡ್ರೈವ್ ಸಾಗಿಸುವ ಚೀಲವೇ ಹೊರತು ಕೂಡಿಡುವ ಕಣಜವಲ್ಲ. ಹತ್ತು ವರ್ಷದ ಹಿಂದೆ ಸುಟ್ಟಿಟ್ಟ ಸಿಡಿಗಳೂ ಹಾಗೆಯೇ; ಇವತ್ತೇ ತೆಗೆದು ನೋಡಿ, ಓದುವಂತಿದ್ದರೆ ಡಿಸ್ಕಿಗೆ ವರ್ಗಾಯಿಸಿ.

ಮನೆಯಾಚೆ ಒಂದು ಪ್ರತಿ ಏಕೆ ಎಂದು ಮುಂಬಯಿಯವರು ಕೇಳಬಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ಕಲೀನಾ, ಕುರ್ಲಾಗಳ ನೆಲಮಹಡಿಯ ಮನೆಗಳಲ್ಲಿ ಮೇಜಿನ ಕೆಳಗಿದ್ದ ಕಂಪ್ಯೂಟರುಗಳು ಕೆಸರುನೀರು ಕುಡಿದವು. 2015ರ ಡಿಸೆಂಬರಿನಲ್ಲಿ ಚೆನ್ನೈಯ ಗೆಳೆಯರು, 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಗೆಳೆಯರು ಇದೇ ಕಥೆ ಹೇಳಿದರು. ಒಂದೇ ಕೋಣೆಯಲ್ಲಿರುವ ಮೂರು ಪ್ರತಿಗಳು ಪ್ರವಾಹದ ಲೆಕ್ಕದಲ್ಲಿ ಒಂದೇ ಪ್ರತಿ. ಹಾಗೆಯೇ ಸಿಪಿಯುವನ್ನು ನೆಲದ ಮೇಲಿಡದೆ ಒಂದು ಮಣೆಯ ಮೇಲಾದರೂ ಇಡಿ. ಧೂಳು ಕಡಿಮೆಯಾಗುತ್ತದೆ, ನೆಲ ಒರೆಸುವ ನೀರೂ ತಾಗುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡದೆ ಆಗಾಗ ಅರ್ಧ ಗಂಟೆ ಚಾಲೂ ಮಾಡಿದರೆ ಒಳಗಿನ ಶಾಖಕ್ಕೆ ತೇವ ಆರುತ್ತದೆ.

ಇನ್ನು ಮೋಸದ ಮಾತು. ಒಂದು ಮಧ್ಯಾಹ್ನ ನಮ್ಮ ಬಳಗದ ಒಬ್ಬರು ಅಡುಗೆಯ ವಿಧಾನವೊಂದನ್ನು ಹುಡುಕುತ್ತಿದ್ದಾಗ ತೆರೆಯ ತುಂಬ ಕೆಂಪು ಬಣ್ಣ ಮೂಡಿ, ಕರ್ಕಶವಾಗಿ ಗಂಟೆ ಬಾರಿಸತೊಡಗಿತು. 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ' ಎಂಬ ಬರಹ. ಮೌಸು ಕದಲಲಿಲ್ಲ. ಅವರು ಮಾಡಿದ ಕೆಲಸ ಸರಳ. ಒಲೆಯ ಮೇಲೆ ಹಾಲು ಉಕ್ಕಿದಾಗ ಮಾಡುವಂತೆ, ಬೇರೇನೂ ಯೋಚಿಸದೆ, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಯಂತ್ರವನ್ನು ಆರಿಸಿದರು. ಮತ್ತೆ ಚಾಲೂ ಮಾಡಿದಾಗ ಎಲ್ಲ ಸರಿಯಿತ್ತು. ಅದು ವೈರಸ್ಸಲ್ಲ, ಗಂಟೆ ಬಾರಿಸುವ ಒಂದು ಪುಟ, ಅಷ್ಟೇ. ನಿಜವಾದ ಅಪಾಯವಿರುವುದು ಆ ಸಂಖ್ಯೆಯ ಆಚೆ ಬದಿಯಲ್ಲಿ. ಕರೆ ಮಾಡಿದರೆ ಸೌಜನ್ಯದ ದನಿಯೊಂದು, ದೂರದಿಂದಲೇ ನಿಮ್ಮ ತೆರೆಯನ್ನು ನೋಡಬಲ್ಲ ತಂತ್ರಾಂಶವನ್ನು ನಿಮ್ಮಿಂದಲೇ ಹಾಕಿಸುತ್ತದೆ. ಆಮೇಲೆ ಮನೆಯ ಕೀಲಿಕೈ ಅವರದು.

ಈ ಮೋಸಗಳಿಗೆ ಹೆಸರು ನೂರು, ಲಕ್ಷಣ ಎರಡೇ. ಒಂದು, ಅವಸರ. ಎರಡು, ಗುಟ್ಟು. 'ಈಗಲೇ ಮಾಡಿ' ಎನ್ನುತ್ತಾರೆ, 'ಯಾರಿಗೂ ಹೇಳಬೇಡಿ' ಎನ್ನುತ್ತಾರೆ. ಈ ಎರಡು ಮಾತು ಕಿವಿಗೆ ಬಿದ್ದರೆ ಫೋನು ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಮನೆಯವರಿಗೋ ಪಕ್ಕದವರಿಗೋ ಹೇಳಬೇಕು. ಪೋಲೀಸರು ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು. ಹಣ ಬರಲು ಅದು ಬೇಕಿಲ್ಲ. ಹಣ ಹೋದದ್ದೇ ಆದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲೇ. ಈ ಸಂಖ್ಯೆಯನ್ನು ಹಾಲಿನವನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಪಾಸ್‌ವರ್ಡಿನ ವಿಷಯದಲ್ಲಿ ನಮ್ಮ ತಲೆಮಾರನ್ನು ಬಹಳ ಕಾಲ ಕಾಡಿಸಲಾಯಿತು. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ವಿಚಿತ್ರ ಚಿಹ್ನೆ, ಮೂರು ತಿಂಗಳಿಗೊಮ್ಮೆ ಬದಲಾವಣೆ. 2003ರಲ್ಲಿ ಅಮೆರಿಕದ ಮಾನಕಗಳ ಸಂಸ್ಥೆಗಾಗಿ ಈ ಬಗೆಯ ನಿಯಮಗಳನ್ನು ಬರೆದ ಬಿಲ್ ಬರ್ ಎಂಬವರು 2017ರಲ್ಲಿ, ತಾವು ಹೇಳಿದ್ದರಲ್ಲಿ ಬಹಳಷ್ಟಕ್ಕೆ ಈಗ ವಿಷಾದವಿದೆ ಎಂದರು. ಅದೇ ವರ್ಷ ಆ ಸಂಸ್ಥೆಯ ಸಲಹೆಯೂ ಬದಲಾಯಿತು. ಜಟಿಲತೆಗಿಂತ ಉದ್ದ ಮುಖ್ಯ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು, ಒನಕೆ, ನವಿಲು, ತಗಡು, ಹುಣಸೆ ಎಂಬಂತೆ, ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಾಗಿ ಬರೆದರೆ ನೆನಪಿಗೂ ಸುಲಭ, ಊಹೆಗೂ ಕಷ್ಟ. ಇಲ್ಲಿ ಬರೆದ ನಾಲ್ಕನ್ನೇ ಮಾತ್ರ ಇಡಬೇಡಿ! ಇಮೇಲಿನ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬಾರದು. ಉಳಿದ ಎಲ್ಲ ಬಾಗಿಲುಗಳ ಕೀಲಿಯನ್ನು ಹೊಸದಾಗಿ ಪಡೆಯುವುದು ಆ ಒಂದು ಬಾಗಿಲಿನಿಂದಲೇ.

ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು, ಒಡವೆಯ ಪೆಟ್ಟಿಗೆಯ ಪಕ್ಕ ಇಡುವುದರಲ್ಲಿ ತಪ್ಪಿಲ್ಲ. ಕಳ್ಳ ನಮ್ಮ ಕಪಾಟಿಗೆ ಬರುವುದು ಅಪರೂಪ. ಅಂತರ್ಜಾಲದಲ್ಲಿ ದಿನವೂ ಬರುತ್ತಾನೆ. ಆ ಪುಸ್ತಕ ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಬೇಕು. ಮನೆ, ಚಿನ್ನ, ಠೇವಣಿಗಳಿಗೆ ಉಯಿಲು ಬರೆಯುವ ನಾವು ಬರಹಗಳಿಗೆ ಬರೆಯುವುದಿಲ್ಲ. ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ ಅಳಿಸಬಹುದೆಂಬ ನಿಯಮ 2023ರಲ್ಲಿ ಬಂದಿದೆ. ತೀರಿಕೊಂಡವರ ಪತ್ರವ್ಯವಹಾರ, ಚಿತ್ರಗಳು, ಕರಡುಗಳು ಸದ್ದಿಲ್ಲದೆ ಹೋಗಿಬಿಡಬಹುದು. ಅದೇ ಖಾತೆಯ ಸೆಟ್ಟಿಂಗಿನಲ್ಲಿ, ಖಾತೆ ಇಷ್ಟು ತಿಂಗಳು ನಿಶ್ಚಲವಾಗಿದ್ದರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಎಂದು ಮೊದಲೇ ಹೇಳಿಡುವ ಸೌಲಭ್ಯವೂ ಇದೆ. ಸಾವಿನ ಮಾತೆಂದು ಹಿಂಜರಿಯದೆ ಒಂದು ಸಂಜೆ ಕೂತು ಅದನ್ನು ತುಂಬಿಡುವುದು ಒಳ್ಳೆಯದು.

ಕಂಪ್ಯೂಟರ್ 'ಅಪ್‌ಡೇಟ್' ಕೇಳಿದಾಗ ಕಿರಿಕಿರಿಯಾಗುವುದು ಸಹಜ. ಆದರೆ ಅದರ ಬೆಲೆಯನ್ನು ತೋರಿಸುವ ಒಂದು ಪ್ರಸಂಗವಿದೆ. 2017ರ ಮೇ 12ರಂದು ವಾನಾಕ್ರೈ ಎಂಬ ಪಿಡುಗು ಜಗತ್ತಿನಾದ್ಯಂತ ಹರಡಿ, ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಂಡವರು ಪಾರಾದರು. ವಿಂಡೋಸ್ 10ಕ್ಕೆ ಉಚಿತ ತೇಪೆಯ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಯಂತ್ರ ಕೊಳ್ಳಲು ಎಲ್ಲರಿಗೂ ಅನುಕೂಲವಿರುವುದಿಲ್ಲ. ಅಂಥವರು ಹಳೆಯದನ್ನು ಎಸೆಯಬೇಕಿಲ್ಲ. ಅಂತರ್ಜಾಲದ ತಂತಿ ತೆಗೆದು ಬರವಣಿಗೆಗಷ್ಟೇ ಇಟ್ಟುಕೊಂಡು, ಬ್ಯಾಂಕಿನ ವ್ಯವಹಾರವನ್ನು ಬೇರೆ ಸಾಧನದಲ್ಲಿ ಮಾಡಬಹುದು. ನಿಧಾನವಾಗಿದ್ದರೆ ಹಳೆಯ ಹಾರ್ಡ್ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರಕ್ಕೆ ಪ್ರಾಯ ಮರಳುತ್ತದೆ.

ಕೊನೆಯದು ಕಲಿಸುವವರಿಗೆ ಹೇಳಬೇಕಾದ ಮಾತು. ಮಗನೋ ಸೊಸೆಯೋ ಬಂದಾಗ ತಾಯಿ ಒಂದು ಸಂದೇಹ ಕೇಳುತ್ತಾಳೆ. ಅವರು ಮೌಸನ್ನು ಆಕೆಯ ಕೈಯಿಂದ ತೆಗೆದುಕೊಂಡು, ಮೂರು ಸೆಕೆಂಡಿನಲ್ಲಿ ಏನನ್ನೋ ಮಾಡಿ, "ಆಯ್ತು ನೋಡಮ್ಮ" ಎಂದು ಎದ್ದುಹೋಗುತ್ತಾರೆ. ಕೆಲಸವೇನೋ ಆಯಿತು, ಅಮ್ಮ ಮಾತ್ರ ಇದ್ದಲ್ಲೇ ಉಳಿದಳು, ಮುಂದಿನ ಸಲ ಕೇಳಲು ತುಸು ಹೆಚ್ಚು ಅಳುಕಿದಳು. ನಮ್ಮ ಬಳಗದಲ್ಲಿ ಕಲಿಸುವವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕೆಂಬ ನಿಯಮವಿದೆ. ಬಾಯಲ್ಲಿ ಹೇಳಬಹುದು, ಮೌಸು ಮುಟ್ಟುವಂತಿಲ್ಲ. ಕಲಿಯುವವರು ಅದನ್ನು ತಮ್ಮ ಮಾತಿನಲ್ಲಿ, ತಮ್ಮ ಅಕ್ಷರದಲ್ಲಿ ಪುಸ್ತಕಕ್ಕೆ ಬರೆದುಕೊಳ್ಳಬೇಕು. ಹಿರಿಯಕ್ಕನ ಪುಸ್ತಕದಲ್ಲಿ 'ಸೇವ್' ಎಂಬುದಕ್ಕೆ 'ಎತ್ತಿಡುವುದು' ಎಂದೂ, 'ಅನ್‌ಡೂ' ಎಂಬುದಕ್ಕೆ 'ಹೊಲಿಗೆ ಬಿಚ್ಚುವುದು' ಎಂದೂ ಇದೆ. ಯಾವ ಪದಕೋಶಕ್ಕೂ ಅವು ಬಿಟ್ಟುಕೊಡಲಾರವು. ಅಜ್ಜಿಯಿಲ್ಲದ ಯಂತ್ರಕ್ಕೆ ಅಜ್ಜಿಯರು ಹುಟ್ಟುವುದು ಹೀಗೆಯೇ ಇರಬೇಕು.

ಈಗ ಪ್ರತಿ ತಿಂಗಳ ಎರಡನೆಯ ಶನಿವಾರ ಬಳಗ ಸೇರಿದಾಗ, ಚಹಾಕ್ಕೆ ಮುನ್ನ ಒಂದು ಪ್ರಶ್ನೆ ಕೇಳುತ್ತೇವೆ: ಈ ತಿಂಗಳ ಬರಹ ಎಷ್ಟು ಕಡೆ ಇದೆ? ಮೂರು ಎಂದವರಿಗೆ ಮೊದಲು ಚಹಾ. ಎರಡು ಎಂದವರಿಗೆ ಆಮೇಲೆ. ಒಂದೇ ಎಂದವರ ಲ್ಯಾಪ್‌ಟಾಪಿಗೆ ಅಲ್ಲಿಯೇ ಡಿಸ್ಕ್ ಜೋಡಿಸುತ್ತೇವೆ. ಓದುಗರು ಈ ಬರಹವನ್ನು ಮುಗಿಸಿದೊಡನೆ ತಮ್ಮನ್ನು ತಾವು ಅದೇ ಪ್ರಶ್ನೆ ಕೇಳಿಕೊಳ್ಳಲಿ. ಉಳಿದ ರೂಢಿಗಳು ನಿಧಾನವಾಗಿ ಕೈಗೆ ಹತ್ತಿದರೂ ಸಾಕು. ಇದೊಂದು ಇವತ್ತು ಸಂಜೆಯೇ ಆಗಬೇಕಾದದ್ದು.